ಗೂಡು ಮಾರಿದ ಮೇಲೆ ಒಂದು ದಿನ

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಮನೆ ಬಿಡಬಹುದಾದ ದಿನ ಯಾವುದು ಅಂತ ಕ್ಯಾಲೆಂಡರ್ ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಹುಳ ಹೇಳಬೇಕು. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಕಳಚಿದ ಹುಳವನ್ನು ಮರಿಹುಳ ಸಾಕುವ ಚಾಕಿ ಕೇಂದ್ರದಿಂದ ತಂದು ಶೆಡ್ಡಿಗೆ ಬಿಟ್ಟರೆ, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವವರೆಗೂ ಮೂರು ವಾರ ಯಾರಾದರೊಬ್ಬರು ಮನೆಯಲ್ಲಿರಲೇಬೇಕು. ಅದರಲ್ಲೂ ನಾಲ್ಕನೇ ಜ್ವರ ಕಳೆದ ಮೇಲಿನ ಏಳೆಂಟು ದಿನ ಇದೆಯಲ್ಲ, ಆಗ ಹುಳಕ್ಕೆ ಹಸಿವೋ ಹಸಿವು. ಹುಟ್ಟಿನಿಂದ ಗೂಡು ಕಟ್ಟುವವರೆಗೆ ಅದು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಸೊಪ್ಪು ಕೊಯ್ಯುವವರು ಒಬ್ಬರು, ಹಾಕುವವರು ಒಬ್ಬರು. ಹುಳ ಹಣ್ಣಾದ ದಿನವಂತೂ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡಲು ನೆಂಟರಿಷ್ಟರೆಲ್ಲ ಬರಬೇಕು. ಆಮೇಲೆ ಗೂಡು ಬಿಡಿಸಿ, ಹರಾಜಿಗಿಟ್ಟು, ದುಡ್ಡು ಕೈಗೆ ಬಂದ ಮೇಲೆ ಶೆಡ್ಡು ತೊಳೆದು ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಬಾಗಿಲು ಮುಚ್ಚುತ್ತಾರೆ. ಮುಚ್ಚಿದ ಆ ಕೆಲವು ದಿನಗಳೇ ರಜೆ. ಅಷ್ಟರಲ್ಲೇ ಮದುವೆಗೆ ಹೋಗಬೇಕು, ಆಸ್ಪತ್ರೆಗೆ ಹೋಗಬೇಕು, ತವರಿಗೆ ಹೋಗಬೇಕು. ಎಲ್ಲ ಮುಗಿದು ಒಂದು ದಿನ ಮಿಕ್ಕರೆ, ಈಗಿನ ಹುಡುಗ ಹುಡುಗಿಯರು ಬಿಡದಿಯ ಥೀಮ್ ಪಾರ್ಕು ವಂಡರ್‌ಲಾಗೆ ಹೋಗುತ್ತಾರೆ.

ನನ್ನ ಚಿಕ್ಕಮ್ಮನ ಮಗ ಮತ್ತು ಅವನ ಹೆಂಡತಿ ಹೋಗಿ ಬಂದದ್ದೂ ಹಾಗೆಯೇ. ಬೆಳಗಿನ ಹಾಲು ಕರೆದು ಡೈರಿಗೆ ಹಾಕಿ ಮೊದಲ ಬಸ್ಸು ಹಿಡಿದರು. ಸಂಜೆಯ ಹಾಲನ್ನು ಅತ್ತೆ ಕರೆಯುತ್ತೇನೆಂದರು. ಆ ಒಪ್ಪಿಗೆ ಅಷ್ಟು ಸುಲಭಕ್ಕೆ ಸಿಕ್ಕಿದ್ದಲ್ಲ. ‘ಆಟ ಆಡೋ ವಯಸ್ಸಾ ನಿಮ್ಮದು?’ ಅಂತ ಮನೆಯಲ್ಲಿ ಒಂದು ಮಾತು ಬಂದೇ ಬಂತು. ನನ್ನ ಉತ್ತರ, ಹೌದು, ಅದೇ ವಯಸ್ಸು. ಈ ಲೇಖನ ಬರೆಯುತ್ತಿರುವುದೂ ಅದನ್ನು ಹೇಳುವುದಕ್ಕೇ.

ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ ಮೇಲೆ ಬೆಂಗಳೂರು. ಅಲ್ಲಿಂದ ಮೈಸೂರು ರಸ್ತೆಯಲ್ಲಿ ಬಿಡದಿ. ಹೆಚ್ಚುಕಮ್ಮಿ ತೊಂಬತ್ತು ಕಿಲೋಮೀಟರ್. ಚಿಂತಾಮಣಿಯವರು ಹೊಸಕೋಟೆ ಮೇಲೂ ಬರಬಹುದು, ಗೌರಿಬಿದನೂರಿನವರಿಗೆ ದೊಡ್ಡಬಳ್ಳಾಪುರದ ಮೇಲೆ ರೈಲಿದೆ, ಚಿಕ್ಕಬಳ್ಳಾಪುರದವರಿಗೆ ಹೆದ್ದಾರಿಯೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಜೋಡಿಯ ಬಸ್ ಖರ್ಚಿನಲ್ಲಿ ಅರ್ಧ ಉಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದವರೆಗೂ ಓಡಲು ಶುರುವಾಗಿ, ಮೆಜೆಸ್ಟಿಕ್‌ನಿಂದ ಮೈಸೂರು ರಸ್ತೆಯ ಗಿಜಿಗಿಜಿ ದಾಟುವ ಕಷ್ಟವೂ ತಪ್ಪಿತು. ಆದರೆ ಆ ಬಸ್ಸಿನ ಒಳಗೊಂದು ಸಂಗತಿ ನೋಡಿ. ಹೆಂಗಸರ ಸೀಟು ಮುಂದೆ, ಗಂಡಸರದು ಹಿಂದೆ. ಅವಳಿಗೆ ಮುಂದೆ ಜಾಗ ಸಿಕ್ಕಿತು, ಅವನು ಹಿಂದಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತ. ಮನೆಯಲ್ಲೂ ಅಷ್ಟೇ. ಹಿರಿಯರೆದುರು ಗಂಡನ ಪಕ್ಕ ಕೂರುವ ಪದ್ಧತಿ ನಮ್ಮ ಹಳ್ಳಿಮನೆಗಳಲ್ಲಿ ಇವತ್ತಿಗೂ ಕಡಿಮೆ. ಬೈಕಿನಲ್ಲಿ ಹೋದರೆ ಅವನ ಬೆನ್ನಷ್ಟೇ ಕಾಣುತ್ತದೆ. ಹೊಲದಲ್ಲಿ ಅವನೊಂದು ಸಾಲು, ಇವಳೊಂದು ಸಾಲು. ಮದುವೆಯಾಗಿ ವರ್ಷಗಳಾದರೂ ನಾಲ್ಕು ಜನರ ಮಧ್ಯೆ ಭುಜಕ್ಕೆ ಭುಜ ತಾಗಿಸಿ ಕೂತದ್ದು ಹಸೆಮಣೆಯ ಮೇಲೆ ಮಾತ್ರ ಅನ್ನುವ ಜೋಡಿಗಳು ಎಷ್ಟಿಲ್ಲ!

ಈ ಕೊರತೆಯನ್ನು ನಮ್ಮಲ್ಲಿ ಮೊದಲು ತುಂಬಿದ್ದು ಜಾತ್ರೆ. ನಂದಿ ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನದ ಹೆಸರು 806ರ ಶಾಸನದಲ್ಲೇ ಸಿಗುತ್ತದೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಅವನ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅನ್ನುವುದು ಊರಿನವರ ನಂಬಿಕೆ. ಬುಡದಲ್ಲಿ ಅಕ್ಕಪಕ್ಕ ಇರುವ ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ, ಅದರ ಎದುರು ಸೂಕ್ಷ್ಮ ಕೆತ್ತನೆಯ ಕಲ್ಯಾಣ ಮಂಟಪ. ಮದುವೆಯಾದ ಹೊಸದರಲ್ಲಿ ಜೋಡಿಯಾಗಿ ಬಂದು ಕೈಮುಗಿಯುವ ಜಾಗ ಅದು. ಶಿವರಾತ್ರಿಯ ಮಾರನೆಯ ದಿನ ಅಲ್ಲಿ ಜೋಡಿ ರಥೋತ್ಸವ. ತೇರು ಹೊರಡುತ್ತಿದ್ದಂತೆ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಕಳಶದ ಕಡೆಗೆ ಎಸೆಯುವುದು ನಮ್ಮ ಸೀಮೆಯ ರೂಢಿ, ಅದರಲ್ಲಿ ಹೊಸ ಮದುಮಕ್ಕಳದ್ದೇ ಮುಂದಾಳತ್ವ. ಎಸೆದದ್ದು ತೇರಿಗೆ ತಾಗಿತೋ ಇಲ್ಲವೋ ಅಂತ ಇಬ್ಬರೂ ಕತ್ತೆತ್ತಿ ನೋಡುವುದು, ತಪ್ಪಿದರೆ ಸುತ್ತ ಇದ್ದವರು ನಗುವುದು ಎಲ್ಲವೂ ಇರುತ್ತದೆ. ದೇವರ ಕೆಲಸ ಮುಗಿಯಿತು ಅಂದಮೇಲೆ ಹೆಜ್ಜೆ ತಾನಾಗಿ ತಿರುಗುವುದು ಬಯಲಿನ ಕಡೆಗೆ. ಅಲ್ಲಿ ಬತ್ತಾಸು, ಬಳೆ, ಜಯಂಟ್ ವೀಲ್. ನಮ್ಮ ಗಡಿಭಾಗದ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಅದು ರಂಗುಲರಾಟ್ನಂ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ, ವಿದುರಾಶ್ವತ್ಥದ ತೇರು, ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾ ಉರುಸು, ಎಲ್ಲಿ ಜನ ಸೇರಿದರೂ ಅಲ್ಲಿಗೆ ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದು ಒಂದು ರಾತ್ರಿಯಲ್ಲಿ ಎದ್ದು ನಿಲ್ಲುತ್ತದೆ ರಾಟೆ.

ಈ ರಾಟೆ ಅಮೆರಿಕದಿಂದ ಬಂತು ಅನ್ನುವವರಿದ್ದಾರೆ. ಜಾರ್ಜ್ ಫೆರಿಸ್ ಅನ್ನುವ ಎಂಜಿನಿಯರ್ 1893ರ ಷಿಕಾಗೊ ವಸ್ತುಪ್ರದರ್ಶನದಲ್ಲಿ 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ್ದು ನಿಜ. ಅದರಲ್ಲಿ 36 ಡಬ್ಬಿ, ಒಂದೊಂದರಲ್ಲಿ 60 ಜನ. ಆದರೆ ಮರದ ರಾಟೆಗಳು ಅದಕ್ಕಿಂತ ಬಹಳ ಹಳೆಯವು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಂಜಾನ್ ಹಬ್ಬದ ಹೊತ್ತಿಗೆ ಅಂಥದೊಂದು ರಾಟೆ ಹತ್ತಿ ಖುಷಿಪಟ್ಟದ್ದನ್ನು ಬರೆದಿಟ್ಟಿದ್ದಾನೆ. ಮುಂದೆ 1623ರಲ್ಲಿ ಇಕ್ಕೇರಿಗೆ ಬಂದು, ಉಳ್ಳಾಲದ ರಾಣಿಯನ್ನೂ ಕಂಡು, ಕರ್ನಾಟಕದ ಇತಿಹಾಸ ಬರೆಯುವವರಿಗೆ ಅಮೂಲ್ಯ ವಿವರಗಳನ್ನು ಬಿಟ್ಟುಹೋದ ಡೆಲ್ಲಾ ವಾಲ್ಲೆ ಇವನೇ. ರಾಟೆ ಹತ್ತಿ ಕೂಗಿದ ಮನುಷ್ಯ ನಮ್ಮ ನಾಡಿನ ಹಬ್ಬಗಳನ್ನು ಅಷ್ಟು ಅಕ್ಕರೆಯಿಂದ ನೋಡಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ರಾಟೆಯಲ್ಲಿ ಜೋಡಿಗಳಿಗೆ ದಕ್ಕುವ ಒಂದು ಗಳಿಗೆ ಇದೆ. ಜನ ಹತ್ತಿಸುವಾಗ ಆಪರೇಟರ್ ಒಂದೇ ಕಡೆ ತುಂಬಿಸುತ್ತಾ ಹೋಗುವುದಿಲ್ಲ. ಒಂದು ತೊಟ್ಟಿಲು ತುಂಬಿಸಿ, ಚಕ್ರ ಅರ್ಧ ತಿರುಗಿಸಿ, ಎದುರಿನದಕ್ಕೆ ಜನ ಕೂರಿಸುತ್ತಾನೆ. ಭಾರ ಎರಡೂ ಕಡೆ ಸಮ ಇರದಿದ್ದರೆ ಮೋಟಾರಿಗೂ ಕಷ್ಟ, ಬ್ರೇಕಿಗೂ ಕಷ್ಟ. ಹಾಗಾಗಿ ಮೊದಲು ಹತ್ತಿದವರು ತುತ್ತತುದಿಗೆ ಹೋಗಿ ನಿಂತುಬಿಡುತ್ತಾರೆ. ಕೆಳಗೆ ಊರೇ ನೆರೆದಿರುತ್ತದೆ, ಮೇಲೆ ಇಬ್ಬರೇ. ತೊಟ್ಟಿಲು ತೂಗುತ್ತಿರುವುದರಿಂದ ಕೈ ಹಿಡಿದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಭಯ ಆಯ್ತು, ಹಿಡಿದುಕೊಂಡಳು, ಅಷ್ಟೆ. ನಮ್ಮ ಸಮಾಜ ಜೋಡಿಗೆ ಕೊಟ್ಟ ಪರವಾನಗಿಗಳಲ್ಲಿ ಇದರಷ್ಟು ಚೆಂದದ್ದು ಇನ್ನೊಂದನ್ನು ನಾನು ಕಂಡಿಲ್ಲ.

ಥೀಮ್ ಪಾರ್ಕು ಆ ಗಳಿಗೆಯನ್ನು ಇಡೀ ದಿನಕ್ಕೆ ಎಳೆಯಿತು. 1984ರ ನವೆಂಬರಿನಲ್ಲಿ ದೆಹಲಿಯ ಅಪ್ಪು ಘರ್, 1989ರಲ್ಲಿ ಮುಂಬೈಯ ಎಸ್ಸೆಲ್ ವರ್ಲ್ಡ್, 2000ದಲ್ಲಿ ಕೊಚ್ಚಿಯ ವೀಗಾಲ್ಯಾಂಡ್. ವೋಲ್ಟೇಜ್ ಸ್ಟೆಬಿಲೈಜರ್ ಮಾಡಿ ಹೆಸರಾಗಿದ್ದ ವಿ-ಗಾರ್ಡ್‌ನ ಕೊಚ್ಚೌಸೆಫ್ ಚಿಟ್ಟಿಲಪ್ಪಿಳ್ಳಿ ಅದನ್ನು ಕಟ್ಟಿದವರು; 2005ರಲ್ಲಿ ಬಿಡದಿಯಲ್ಲಿ ವಂಡರ್‌ಲಾ ತೆರೆದದ್ದೂ ಅವರೇ. ಟಿಕೆಟ್ ಒಬ್ಬರಿಗೆ ಸಾವಿರ ರೂಪಾಯಿ ದಾಟುತ್ತದೆ. ಹಾಲಿನ ಬಟವಾಡೆ ನಂಬಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಅದಕ್ಕೇ ಗೂಡಿಗೆ ಒಳ್ಳೆ ರೇಟು ಸಿಕ್ಕ ಬೆಳೆಯನ್ನೇ ಅವರು ಕಾದದ್ದು.

ಒಳಗೆ ಹೋದ ಮೇಲೆ ಮೊದಲ ಪರೀಕ್ಷೆ ರೈಡಿನದ್ದಲ್ಲ, ಬಟ್ಟೆಯದ್ದು. ನೀರಿನ ಆಟಗಳಿಗೆ ಸೀರೆ, ಚೂಡಿದಾರ್, ಹತ್ತಿ ಬಟ್ಟೆ ಯಾವುದನ್ನೂ ಬಿಡುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್‌ನ ಈಜುಡುಪೇ ಆಗಬೇಕು. ಕಾರಣ ಇದೆ. ಹತ್ತಿಯ ನೂಲೆಳೆ ಬಿಟ್ಟುಕೊಂಡು ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆ, ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಅಲೆಯಲ್ಲಿ ಬಿದ್ದವರು ಏಳಲಾರರು. ಆದರೆ ಹುಟ್ಟಿದಾಗಿನಿಂದ ಮೈತುಂಬ ಬಟ್ಟೆಯಲ್ಲೇ ಓಡಾಡಿದ ಹೆಣ್ಣುಮಗಳಿಗೆ ಆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ದಾಟುವುದು ಯಾವ ರೋಲರ್ ಕೋಸ್ಟರಿಗೂ ಕಡಿಮೆಯಲ್ಲ. ‘ಅಕ್ಕಾ, ತುಂಬಾ ಹೊತ್ತು ಒಳಗೇ ನಿಂತಿದ್ದೆ. ಹೊರಗಡೆ ಬಂದು ನೋಡಿದ್ರೆ ಎಲ್ಲರೂ ನನ್ ಥರಾನೇ ಇದಾರೆ. ಅಜ್ಜೀರೂ ಇದಾರೆ. ಯಾರೂ ಯಾರನ್ನೂ ನೋಡ್ತಿಲ್ಲ’ ಅಂದಳು ನನ್ನೆದುರು. ಅವನೂ ಮೊಣಕಾಲಿನ ಮೇಲಿನ ಚಡ್ಡಿಯಲ್ಲಿ ನಾಚಿಕೊಂಡು ನಿಂತಿದ್ದನಂತೆ. ಅಲೆಯ ಕೊಳದಲ್ಲಿ ಸೈರನ್ ಆಗಿ ನೀರು ಏರತೊಡಗಿತು, ಇಬ್ಬರಿಗೂ ಈಜು ಬಾರದು. ಒಬ್ಬರ ಮುಂಗೈ ಒಬ್ಬರು ಹಿಡಿದು ನಿಂತರು. ಅಲ್ಲಿಂದಾಚೆಗೆ ನಾಚಿಕೆಯ ಮಾತು ಬರಲಿಲ್ಲ.

ರೈಡುಗಳ ಕಡೆಗೆ ಬಂದರೆ, ಹೊಟ್ಟೆಯೊಳಗೆ ಆಗುವ ಆ ಜುಮ್ ಅನ್ನುವುದು ಏನು ಅಂತ ಅವಳು ನನ್ನನ್ನು ಕೇಳಿದ್ದಳು. ನಮಗೆ ನಮ್ಮ ಭಾರ ಗೊತ್ತಾಗುವುದು ನೆಲವೋ ಸೀಟೋ ನಮ್ಮನ್ನು ಮೇಲಕ್ಕೆ ಒತ್ತುತ್ತಿರುವುದರಿಂದ. ಕರುಳು, ಜಠರ ಕೂಡ ಒಳಗೆ ಹಾಗೆಯೇ ಒಂದಕ್ಕೊಂದು ಆತುಕೊಂಡಿರುತ್ತವೆ. ಸೀಟು ನಮ್ಮ ಜೊತೆಗೇ ಕೆಳಗೆ ಬೀಳತೊಡಗಿದರೆ ಆ ಒತ್ತು ಹೋಗಿಬಿಡುತ್ತದೆ. ಒಳಗಿನ ಅಂಗಗಳೂ ಕ್ಷಣಕಾಲ ಆಸರೆ ಕಳೆದುಕೊಳ್ಳುತ್ತವೆ. ತೂಗುವ ದೋಣಿ ತುದಿ ಮುಟ್ಟಿ ಹಿಂದಿರುಗುವಾಗ ಜೀವ ಬಾಯಿಗೆ ಬಂತು ಅನ್ನಿಸುವುದು ಇದರಿಂದ. ದೋಣಿಯ ಮಧ್ಯದಲ್ಲಿ ಕೂತರೆ ಇದು ಕಡಿಮೆ, ತುದಿಯಲ್ಲಿ ಹೆಚ್ಚು. ಮೊದಲ ಸಲ ಹತ್ತುವವರು ಮಧ್ಯದ ಸಾಲು ಹಿಡಿಯುವುದು ಒಳ್ಳೆಯದು.

ರೋಲರ್ ಕೋಸ್ಟರಿನ ಗಾಡಿಗೆ ಎಂಜಿನ್ ಇರುವುದಿಲ್ಲ ಅಂದರೆ ನಂಬದವರೇ ಹೆಚ್ಚು. ಮೇಲಕ್ಕೆ ಎಳೆಯುವವರೆಗೆ ಮಾತ್ರ ಮೋಟಾರಿನ ಕೆಲಸ; ಅಲ್ಲಿಂದ ಬಿಟ್ಟ ಮೇಲೆ ಎತ್ತರವೇ ವೇಗವಾಗುತ್ತದೆ, ವೇಗವೇ ಮತ್ತೆ ಎತ್ತರವಾಗುತ್ತದೆ. ಗಾಲಿಗಳು ಹಳಿಯ ಮೇಲೆ ಮಾತ್ರವಲ್ಲ, ಪಕ್ಕದಲ್ಲೂ ಕೆಳಗೂ ಹಳಿಯನ್ನು ಹಿಡಿದಿರುತ್ತವೆ. ತಲೆಕೆಳಗಾದಾಗಲೂ ಗಾಡಿ ಕಳಚದಿರುವುದು ಅದಕ್ಕೇ. ಸುತ್ತುಹಾಕುವ ಹಳಿಯನ್ನು ಗಮನಿಸಿ ನೋಡಿ, ಅದು ಪೂರ್ತಿ ದುಂಡಗಿರದೆ ಮೇಲೆ ಕಿರಿದಾಗಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ದುಂಡನೆಯ ಸುತ್ತು ಮಾಡಿ ಜನರ ಕತ್ತು ನೋಯಿಸಿದ್ದರು. ಕೆಳಗೆ ವೇಗ ಹೆಚ್ಚಿರುವಾಗ ತಿರುವು ವಿಶಾಲವಾಗಿರಬೇಕು, ಮೇಲೆ ವೇಗ ಕುಗ್ಗಿದಾಗ ಇಕ್ಕಟ್ಟಾಗಬೇಕು ಅನ್ನುವ ಲೆಕ್ಕವನ್ನು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಾರ್ಕಿನಲ್ಲಿ ಸಾಧಿಸಿ ತೋರಿಸಿದ ಮೇಲೆ ಈಗಿನ ರೂಪ ನೆಲೆಯಾಯಿತು. ಬಿಡದಿಯ ರಿಕಾಯಿಲ್ ಅನ್ನುವ ರೈಡು ಮೊದಲು ಹಿಂದಕ್ಕೆ ಎಳೆದುಕೊಂಡು ಹೋಗಿ ಬಿಡುತ್ತದೆ, ಎಲ್ಲ ಸುತ್ತು ಮುಗಿಸಿ ಇನ್ನೊಂದು ಏರಿಗೆ ಹತ್ತುತ್ತದೆ, ಆಮೇಲೆ ಅದೇ ದಾರಿಯಲ್ಲಿ ಬೆನ್ನು ಮುಂದಾಗಿ ವಾಪಸು. ಬರುವಾಗ ತಿರುವು ಕಾಣುವುದಿಲ್ಲ, ಪಕ್ಕದವರ ಮುಖ ಮಾತ್ರ ಕಾಣುತ್ತದೆ. ಅವರಿಬ್ಬರೂ ಅದನ್ನು ಎರಡನೇ ಸಲ ಹತ್ತಿದರಂತೆ.

ಗಿರಗಿರ ಸುತ್ತುವ ರೈಡುಗಳ ಮಾತು ಬೇರೆ. ನೀರು ತುಂಬಿದ ಬಿಂದಿಗೆಯನ್ನು ಕೈಯಲ್ಲಿ ಹಿಡಿದು ರಭಸವಾಗಿ ಸುತ್ತಿಸಿದರೆ ನೀರು ಚೆಲ್ಲದೆ ತಳಕ್ಕೆ ಒತ್ತಿಕೊಳ್ಳುವಂತೆ, ಇಲ್ಲೂ ಕೂತವರು ಹೊರಗಿನ ಬದಿಗೆ ಒತ್ತಿಕೊಳ್ಳುತ್ತಾರೆ. ಒಳಗೆ ಕೂತವರ ಭಾರವೆಲ್ಲ ಹೊರಗೆ ಕೂತವರ ಮೇಲೆ. ಅದಕ್ಕೇ ಜಾತ್ರೆಯ ಬ್ರೇಕ್ ಡ್ಯಾನ್ಸ್ ರೈಡಿನವನೂ, ಪಾರ್ಕಿನ ಸಿಬ್ಬಂದಿಯೂ ಒಂದೇ ಮಾತು ಹೇಳುತ್ತಾರೆ: ದಪ್ಪ ಇರೋರು ಹೊರಗಡೆ ಕೂತ್ಕೊಳ್ಳಿ. ನಮ್ಮ ಜೋಡಿಯಲ್ಲಿ ಅವನು ಹೊರಗೆ ಕೂತ. ಸುತ್ತು ಶುರುವಾದ ಮೇಲೆ ಅವಳು ಎಷ್ಟು ಸರಿದು ಕೂರಲು ನೋಡಿದರೂ ಆಗದೆ ಪೂರ್ತಿ ಅವನ ಮೈಮೇಲೆ ಒರಗಿಯೇ ಬಿಟ್ಟಳು. ‘ರೀ, ನಾನಲ್ಲ, ಅದೇ ತಳ್ತಿದೆ’ ಅಂತ ಕಿರುಚಿದಳಂತೆ. ಅವನು ಇದನ್ನು ಹೇಳುವಾಗ ಅವಳು ಅಡುಗೆಮನೆಗೆ ಎದ್ದುಹೋದಳು.

ಒಟ್ಟಿಗೆ ಹೆದರಿದರೆ ಪ್ರೀತಿ ಹೆಚ್ಚುತ್ತದೆಯೇ? ಮನಶ್ಶಾಸ್ತ್ರಜ್ಞರು ಇದನ್ನು ಗಂಭೀರವಾಗಿಯೇ ನೋಡಿದ್ದಾರೆ. ಆರ್ಥರ್ ಏರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಡಿಗಳ ಕೈಕಾಲುಗಳನ್ನು ಒಂದಕ್ಕೊಂದು ಕಟ್ಟಿ, ಇಬ್ಬರ ಮೈ ನಡುವೆ ದಿಂಬೊಂದನ್ನು ಕೈ ತಾಗಿಸದೆ ಹಿಡಿದು ಅಂಬೆಗಾಲಿನಲ್ಲಿ ಅಡ್ಡಿ ದಾಟಿಸಿದರು. ಇನ್ನು ಕೆಲವರಿಗೆ ಸಪ್ಪೆ ಕೆಲಸ ಕೊಟ್ಟರು. ಏಳು ನಿಮಿಷದ ಆಟ ಅಷ್ಟೆ. ಆದರೆ ಆಡಿದ ಜೋಡಿಗಳು ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ಹೇಳಿಕೊಂಡವು. 2003ರಲ್ಲಿ ಸಿಂಡಿ ಮೆಸ್ಟನ್ ಮತ್ತು ಪೆನ್ನಿ ಫ್ರೋಲಿಕ್ ಟೆಕ್ಸಾಸಿನ ಪಾರ್ಕುಗಳಲ್ಲಿ ರೋಲರ್ ಕೋಸ್ಟರ್ ಹತ್ತುವವರಿಗೂ ಇಳಿದವರಿಗೂ ಅಪರಿಚಿತರ ಫೋಟೊ ತೋರಿಸಿ ಎಷ್ಟು ಚೆಂದ ಅಂತ ಕೇಳಿದರು. ಸ್ನೇಹಿತರೊಡನೆ ಬಂದವರಿಗೆ ಇಳಿದ ಮೇಲೆ ಫೋಟೊದವರು ಹೆಚ್ಚು ಚೆಂದ ಕಂಡರು. ಪ್ರೀತಿಸುವವರ ಜೊತೆ ಕೂತು ಬಂದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎದೆಬಡಿತ ಏರಿದಾಗ ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತದೆ, ಕಾರಣ ಪಕ್ಕದಲ್ಲೇ ಕೂತಿದ್ದರೆ ಬೇರೆಡೆ ಹುಡುಕುವುದೇಕೆ ಅಂತ ನಾನಿದನ್ನು ಅರ್ಥಮಾಡಿಕೊಂಡಿದ್ದೇನೆ. ಆದರೂ ಭಯಕ್ಕಿಂತ ದೊಡ್ಡದು ರೈಡಿನ ಸೀಟಿಗೆ ಹಾಕುವ ಆ ಕಂಬಿ ಅನ್ನುವುದು ನನ್ನ ನಂಬಿಕೆ. ಒಂದೇ ಕಂಬಿ ಇಬ್ಬರ ತೊಡೆಯ ಮೇಲೂ ಬಂದು ಕೂರುತ್ತದೆ. ಹುಳಕ್ಕೆ ಸೊಪ್ಪು, ಹಸುವಿಗೆ ಮೇವು, ಮಾವನಿಗೆ ಮಾತ್ರೆ ಅಂತ ಎದ್ದುಹೋಗುವ ಹಾಗಿಲ್ಲ. ಅವನ ಫೋನು ಲಾಕರಿನಲ್ಲಿ. ಇಡೀ ದಿನ ಅವರಿಬ್ಬರಿಗೆ ಅವರಿಬ್ಬರೇ.

ಇಷ್ಟು ಬೆಲೆಯುಳ್ಳ ದಿನಕ್ಕೆ ತೊಂಬತ್ತು ಕಿಲೋಮೀಟರ್ ಹೋಗಬೇಕೆ ಅನ್ನುವುದು ನನ್ನ ಸಂಕಟ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ನಂದಿಯಿದೆ, ಸ್ಕಂದಗಿರಿಯಿದೆ, ಕೈವಾರ, ಕೈಲಾಸಗಿರಿಗಳಿವೆ, 2023ರ ಜನವರಿಯಿಂದ ಈಶಾ ಫೌಂಡೇಶನ್ನಿನ 112 ಅಡಿಯ ಆದಿಯೋಗಿ ಪ್ರತಿಮೆಯೂ ಇದೆ. ವಾರದ ಕೊನೆಗೆ ಬೆಂಗಳೂರಿನ ಜೋಡಿಗಳೆಲ್ಲ ಇಲ್ಲಿಗೇ ಬರುತ್ತವೆ. ಆದರೆ ಈ ನೆಲದಲ್ಲೇ ದುಡಿಯುವ ಜೋಡಿಗೆ ಸುರಕ್ಷಿತವಾಗಿ ಆಡುವ, ಕಿರುಚುವ, ಮಧ್ಯಾಹ್ನ ಹೋಗಿ ಸಂಜೆ ಹಾಲಿಗೆ ವಾಪಸಾಗುವ ಜಾಗ ಎಲ್ಲಿದೆ? ನಮ್ಮ ಜಿಲ್ಲೆಯದೇ ಆದ ಶ್ರೀನಿವಾಸಸಾಗರ ಕೆರೆ ಕೋಡಿ ಬಿದ್ದಾಗ ಕಟ್ಟೆಯ ಗೋಡೆಯಿಂದ ಇಳಿಯುವ ನೀರಿಗೆ ಮೈಯೊಡ್ಡಲು ಜನ ಹೇಗೆ ಮುಗಿಬೀಳುತ್ತಾರೆ ನೋಡಿ. 2022ರ ಮೇ ತಿಂಗಳಲ್ಲಿ ಆ ಗೋಡೆ ಹತ್ತಲು ಹೋದ ಯುವಕನೊಬ್ಬ ಎತ್ತರದಿಂದ ಬಿದ್ದ ವಿಡಿಯೊ ಎಲ್ಲರೂ ನೋಡಿದ್ದೇವೆ. ಪಾರ್ಕಿನ ಜಾರುಬಂಡೆಯ ಬುಡದಲ್ಲಿ ನೀರಿನ ಆಳ ಅಳೆದಿಟ್ಟಿರುತ್ತಾರೆ, ಸೀಟಿ ಹಿಡಿದವರು ನಿಂತಿರುತ್ತಾರೆ. ಕೆರೆಯ ಕಟ್ಟೆಯಲ್ಲಿ ಯಾರಿದ್ದಾರೆ?

ದೊಡ್ಡ ಪಾರ್ಕು ಬರುವುದು ಬಿಡುವುದು ಬಂಡವಾಳದವರ ಲೆಕ್ಕ. ಜಾತ್ರೆಯ ರೈಡುಗಳನ್ನು ಗಟ್ಟಿ ಮಾಡುವುದು ಮಾತ್ರ ಈಗಲೇ ಆಗಬಹುದಾದ ಕೆಲಸ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ರೈಡೊಂದು ಮುರಿದು ಸಾವುನೋವು ಸಂಭವಿಸಿತು. ಶ್ರೀರಂಗಪಟ್ಟಣದ ಜಾತ್ರೆಯಲ್ಲಿ ಹುಡುಗಿಯೊಬ್ಬಳ ಕೂದಲು ಜಯಂಟ್ ವೀಲಿಗೆ ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂದದ್ದು ಓದಿ ನನಗೆ ಎಷ್ಟೋ ದಿನ ನಿದ್ದೆ ಬಂದಿರಲಿಲ್ಲ. ಪಂಚಾಯಿತಿಯವರು ಜಾಗದ ಬಾಡಿಗೆ ವಸೂಲಿ ಮಾಡುವಾಗಲೇ ಎಂಜಿನಿಯರೊಬ್ಬರನ್ನು ಕರೆಸಿ ಬೋಲ್ಟು, ಬೆಸುಗೆ, ಬ್ರೇಕು ನೋಡಿಸಬೇಕು, ಆ ಚೀಟಿಯನ್ನು ಟಿಕೆಟ್ ಕೌಂಟರಿನ ಮೇಲೆ ಅಂಟಿಸಬೇಕು. ಲಕ್ಷಾಂತರ ಜನ ಸೇರುವ ತೇರಿಗೆ ಇಷ್ಟೂ ಮಾಡಲಾಗದು ಅಂದರೆ ಒಪ್ಪುವ ಮಾತಲ್ಲ.

ಬರುವ ಶಿವರಾತ್ರಿಗೆ ನಂದಿಗೆ ಜೋಡಿಯಾಗಿ ಹೋಗುವವರು ತಾವೂ ಕೆಲವನ್ನು ನೋಡಿಕೊಳ್ಳಬಹುದು. ಜಡೆಯನ್ನು ತುರುಬು ಕಟ್ಟಿ, ಸೆರಗನ್ನೋ ದುಪಟ್ಟಾವನ್ನೋ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಬಸುರಿಯರು, ಬಿ.ಪಿ. ಇರುವವರು, ಕತ್ತು ನೋವಿನವರು ಕೆಳಗೆ ನಿಂತು ನೋಡುವುದೇ ಸರಿ. ಹತ್ತುವ ಮುಂಚೆ ರಾಟೆಯ ಬುಡ ನೋಡಿ. ನಾಲ್ಕೂ ಕಡೆ ಮರದ ದಿಮ್ಮಿ ಸಮವಾಗಿ ಕೂತಿದೆಯೇ, ತಿರುಗುವಾಗ ಕಂಬ ಓಲಾಡುತ್ತಿದೆಯೇ ಅಂತ ಒಂದು ಸುತ್ತು ನಿಂತು ಗಮನಿಸಿ. ತೊಟ್ಟಿಲಿಗೆ ಕಂಬಿ ಇರಲೇಬೇಕು, ಕಂಬಿಗೆ ಚಿಲಕ ಬಿದ್ದಿರಲೇಬೇಕು. ಬಿದ್ದಿಲ್ಲದಿದ್ದರೆ ದುಡ್ಡು ಕೊಟ್ಟಾಗಿದೆ ಅಂತ ಸಂಕೋಚ ಪಡದೆ ಇಳಿದುಬಿಡಿ. ಅದೇ ಬಯಲಿನಲ್ಲಿ ಇನ್ನೊಂದು ರಾಟೆ ಇದ್ದೇ ಇರುತ್ತದೆ.